ಬಟನ್ ಒತ್ತಿದರೂ ಸೆಲ್ಫ್ ಹೊಡೆಯುತ್ತಿಲ್ಲ: ವಾಹನ ಪ್ರಶ್ನೋತ್ತರ

ಕೀಲಿ ತಿರುಗಿಸುವ ಬದಲು ಬಟನ್ ಒತ್ತಿ ಸ್ಟಾರ್ಟ್ ಮಾಡುವ ಕಾರುಗಳ ಬಗ್ಗೆಯೇ ಈ ಸಲ ಹೆಚ್ಚಿನ ಪತ್ರಗಳು. ಬಹುತೇಕ ಎಲ್ಲರದೂ ಒಂದೇ ಗೋಳು: ಮನೆ ಮುಂದೆ ಕೈಕೊಡುವ ಗಾಡಿ ಗ್ಯಾರೇಜಿಗೆ ಹೋದ ಕೂಡಲೇ ಸರಿಯಾಗಿರುತ್ತದೆ. ಆದ್ದರಿಂದ ಇಡೀ ಅಂಕಣವನ್ನು ಅದಕ್ಕೇ ಬಿಟ್ಟಿದ್ದೇವೆ. ಉತ್ತರ ಓದುವ ಮೊದಲು ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಕೊಂಡಿಟ್ಟುಕೊಳ್ಳಿ. ಅಳೆಯದೆ ಬದಲಿಸಿದ ಪಾರ್ಟುಗಳ ದುಡ್ಡು ಅದರ ಬೆಲೆಗಿಂತ ಬಹಳ ಹೆಚ್ಚು.

ಪ್ರಶ್ನೆ: ನಮ್ಮದು ನಾಲ್ಕು ವರ್ಷದ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಮ್ಯಾನುವಲ್ ಗೇರ್. ವಾರಕ್ಕೊಮ್ಮೆಯಾದರೂ ಹೀಗಾಗುತ್ತದೆ: ಕ್ಲಚ್ ಒತ್ತಿ ಬಟನ್ ಒತ್ತಿದರೆ ಡ್ಯಾಶ್‌ಬೋರ್ಡ್ ದೀಪಗಳೆಲ್ಲ ಹತ್ತುತ್ತವೆ, ‘ಟಕ್’ ಎಂದು ಒಂದು ಸದ್ದು, ಅಷ್ಟೇ. ನಾಲ್ಕೈದು ಸಲ ಒತ್ತಿದ ಮೇಲೆ ಏನೂ ಆಗೇ ಇಲ್ಲವೆಂಬಂತೆ ಸ್ಟಾರ್ಟ್ ಆಗುತ್ತದೆ. ಸ್ಕ್ಯಾನ್ ಮಾಡಿದರೆ ಯಾವ ದೋಷದ ಕೋಡೂ ಇಲ್ಲ. ಬ್ಯಾಟರಿ ಚೆನ್ನಾಗಿದೆ, ಬಟನ್ ಬದಲಿಸಿ ಎನ್ನುತ್ತಿದ್ದಾರೆ. ಬದಲಿಸಲೇ?
— ಮೈಸೂರಿನ ಓದುಗರು

ಉತ್ತರ: ಬಟನ್ನಿಗೆ ದುಡ್ಡು ಹಾಕಬೇಡಿ. ‘ಟಕ್’ ಕೇಳಿಸಿದೆ ಎಂದರೆ ಕಾರು ಕೀಯನ್ನು ಗುರುತು ಹಿಡಿದಿದೆ, ಕ್ಲಚ್ ಸ್ವಿಚ್ ಕೆಲಸ ಮಾಡಿದೆ, ಸೆಲ್ಫ್ ಮೋಟರಿಗೆ (ಇಂಜಿನ್ನನ್ನು ಮೊದಲು ತಿರುಗಿಸುವ ಮೋಟರು) ಅಪ್ಪಣೆಯೂ ಹೋಗಿದೆ. ತೊಂದರೆ ಅಲ್ಲಿಂದ ಮುಂದಕ್ಕೆ.

ಆ ಸದ್ದು ಎಲ್ಲಿಂದ ಬರುತ್ತದೆ ಎಂದು ಮೊದಲು ಪತ್ತೆ ಮಾಡಿ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಮನೆಯವರೊಬ್ಬರು ಬಟನ್ ಒತ್ತಲಿ, ನೀವು ಬಾನೆಟ್ ತೆಗೆದು ಕಿವಿಗೊಡಿ. ಫ್ಯೂಸ್ ಬಾಕ್ಸಿನಿಂದ ಬರುವ ಸಣ್ಣ ‘ಟಿಕ್’ ರಿಲೇಯದ್ದು, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್ಚಿನದ್ದು. ಇಂಜಿನ್ನಿನ ಕೆಳಗಿನಿಂದ ಬರುವ ಭಾರದ ‘ಟಕ್’ ಸೆಲ್ಫಿನ ಸೊಲೆನಾಯ್ಡಿನದ್ದು (ಸೆಲ್ಫಿಗೆ ಬ್ಯಾಟರಿಯ ಕರೆಂಟ್ ಕೂಡಿಸುವ ವಿದ್ಯುತ್ಕಾಂತದ ಸ್ವಿಚ್). ‘ಟಿಕ್’ ಮಾತ್ರ ಇದ್ದರೆ ರಿಲೇಯ ಒಳಗಿನ ಕಾಂಟ್ಯಾಕ್ಟ್ ಸುಟ್ಟಿರಬಹುದು, ಅಥವಾ ರಿಲೇಯಿಂದ ಸೆಲ್ಫಿಗೆ ಹೋಗುವ ಸಣ್ಣ ವೈರಿನ ಸಾಕೆಟ್ ಸಡಿಲವಾಗಿರಬಹುದು. ಅದೇ ಬಾಕ್ಸಿನಲ್ಲಿ ಹಾರ್ನಿಗೋ ಫ್ಯಾನಿಗೋ ಅದೇ ನಂಬರಿನ ರಿಲೇ ಇದ್ದರೆ ಅದಲು ಬದಲು ಮಾಡಿ ಒಂದು ವಾರ ಓಡಿಸಿ ನೋಡಿ. ಖರ್ಚಿಲ್ಲ.

ಭಾರದ ‘ಟಕ್’ ಬಂದು ಇಂಜಿನ್ ತಿರುಗದಿದ್ದರೆ ಅನುಮಾನಿಸಬೇಕಾದದ್ದು ನಾಲ್ಕು: ಬ್ಯಾಟರಿ, ಟರ್ಮಿನಲ್ ಕ್ಲಾಂಪ್, ದಪ್ಪ ಕೇಬಲ್ಲುಗಳು, ಸೆಲ್ಫ್. ಹಳೆಯ ಕೀಲಿ ಗಾಡಿಯಲ್ಲಿ ಬ್ಯಾಟರಿ ಸೋತಾಗ ಇಂಜಿನ್ ‘ಉರ್… ಉರ್…’ ಎಂದು ನರಳಿ ಸುಳಿವು ಕೊಡುತ್ತಿತ್ತು. ಬಟನ್ ಗಾಡಿಯಲ್ಲಿ ಸೆಲ್ಫ್ ರಿಲೇಯನ್ನು ಹಿಡಿದಿರುವುದು ನಿಮ್ಮ ಕೈಯಲ್ಲ, ಒಂದು ಕಂಪ್ಯೂಟರ್. ಸೆಲ್ಫ್ ಕರೆಂಟ್ ಎಳೆದ ಕ್ಷಣ ವೋಲ್ಟೇಜ್ ಕುಸಿದರೆ ಅದು ರಿಲೇಯನ್ನು ಬಿಟ್ಟುಬಿಡುತ್ತದೆ, ಇಲ್ಲವೇ ತಾನೇ ರೀಸೆಟ್ ಆಗುತ್ತದೆ. ಹೀಗಾಗಿ ನರಳಾಟವೇ ಇಲ್ಲದೆ ಒಂದು ‘ಟಕ್’ ಮಾತ್ರ ಕೇಳುತ್ತದೆ, ಜನ ಬಟನ್ ಮೇಲೆ ಅನುಮಾನ ಪಡುತ್ತಾರೆ.

ಅಳತೆ ಹೀಗೆ. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿಯಲ್ಲಿ ಬೆಳಿಗ್ಗೆ 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್, 12.4 ಇದ್ದರೆ ಮುಕ್ಕಾಲು, 12.2 ಅರ್ಧ, 12.0 ಕಾಲು ಭಾಗ. ಗಾಡಿ ಓಡಿಸಿ ಬಂದ ಕೂಡಲೇ ಅಳೆದರೆ 12.8 ಕೂಡ ತೋರಿಸೀತು, ಅದನ್ನು ನಂಬಬೇಡಿ. ಆದರೆ ಈ ಅಂಕಿಯೊಂದರಿಂದಲೇ ಬ್ಯಾಟರಿ ಗಟ್ಟಿ ಎನ್ನುವಂತಿಲ್ಲ. ಒಳಗೆ ಪ್ಲೇಟ್ ಸವೆದ ಬ್ಯಾಟರಿ ಸುಮ್ಮನಿದ್ದಾಗ 12.6 ತೋರಿಸಿ, ಲೋಡ್ ಬಿದ್ದ ಕೂಡಲೇ 8ಕ್ಕೆ ಇಳಿಯುತ್ತದೆ. ಸೆಲ್ಫ್ ಹೊಡೆಯುವಾಗ ವೋಲ್ಟೇಜ್ 10ಕ್ಕಿಂತ ಮೇಲಿರಬೇಕು. 9.6ಕ್ಕಿಂತ ಕೆಳಗೆ ಹೋದರೆ ಆ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ ಮತ್ತೆ ಅಳೆಯಿರಿ, ಆಗಲೂ ಅಷ್ಟೇ ಆದರೆ ಬದಲಿಸಿ. ಅಂಕಿ ಬೇಗ ಬೇಗ ಬದಲಾಗುವುದರಿಂದ ಮೀಟರಿನ ಮುಂದೆ ಮೊಬೈಲ್ ಇಟ್ಟು ವಿಡಿಯೊ ಮಾಡಿಕೊಳ್ಳಿ, ನಿಧಾನವಾಗಿ ನೋಡಬಹುದು. ‘ಬ್ಯಾಟರಿ ಚೆನ್ನಾಗಿದೆ’ ಎಂದವರನ್ನು ಟೆಸ್ಟರಿನ ಚೀಟಿ ಕೇಳಿ. ಅದರಲ್ಲಿರುವ ಸಿಸಿಎ ಅಂಕಿಯನ್ನು (ಚಳಿಯಲ್ಲೂ ಸೆಲ್ಫಿಗೆ ಬ್ಯಾಟರಿ ಕೊಡಬಲ್ಲ ಕರೆಂಟ್) ಬ್ಯಾಟರಿ ಮೇಲೆ ಬರೆದಿರುವ ಸಿಸಿಎ ಜೊತೆ ಹೋಲಿಸಿ.

ಬ್ಯಾಟರಿಯಲ್ಲಿ 11–12 ವೋಲ್ಟ್ ನಿಂತಿದ್ದೂ ಸೆಲ್ಫ್ ತಿರುಗದಿದ್ದರೆ ದಾರಿಯಲ್ಲಿ ತಡೆ ಇದೆ ಎಂದರ್ಥ. ಮೀಟರಿನ ಕಪ್ಪು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೆ ಒತ್ತಿ (ಕ್ಲಾಂಪಿಗೆ ಬೇಡ, ಸೀಸದ ಕಂಬಕ್ಕೇ), ಕೆಂಪು ಕಡ್ಡಿಯನ್ನು ಬಣ್ಣವಿಲ್ಲದ ಇಂಜಿನ್ ಬ್ಲಾಕಿಗೆ ಒತ್ತಿ. ಸೆಲ್ಫ್ ಹೊಡೆಸಿದಾಗ 0.2 ವೋಲ್ಟಿಗಿಂತ ಕಡಿಮೆ ಬರಬೇಕು. ಹಾಗೆಯೇ ಪ್ಲಸ್ ಕಂಬದಿಂದ ಸೆಲ್ಫಿನ ದಪ್ಪ ಬೋಲ್ಟಿಗೆ ಅಳೆದರೆ 0.5 ವೋಲ್ಟಿಗಿಂತ ಕಡಿಮೆ. ಇದೇ ಕೇಬಲ್ಲನ್ನು ಓಮ್ ರೇಂಜಿನಲ್ಲಿ ಅಳೆದು ‘ಸರಿಯಿದೆ’ ಎನ್ನುವ ಎಲೆಕ್ಟ್ರಿಷಿಯನ್‌ಗಳಿದ್ದಾರೆ. 150 ಆಂಪ್ ಹರಿಯುವ ಕಡೆ ಬರೀ 0.01 ಓಮ್ ತಡೆಯಿದ್ದರೂ 1.5 ವೋಲ್ಟ್ ಅಲ್ಲೇ ಕರಗಿಹೋಗುತ್ತದೆ. ಸಾಧಾರಣ ಮೀಟರಿಗೆ ಅಷ್ಟು ಸಣ್ಣ ತಡೆ ಕಾಣಿಸುವುದೇ ಇಲ್ಲ. ಹಾಗಾಗಿ ಲೋಡ್ ಇರುವಾಗಲೇ ಅಳೆಯಬೇಕು, ಅದರಲ್ಲೂ ತೊಂದರೆ ಕಾಣಿಸಿಕೊಂಡ ಆ ಕ್ಷಣದಲ್ಲಿ.

ನಿಮ್ಮ ವಿವರಣೆ ನೋಡಿದರೆ ಮೊದಲ ಅನುಮಾನ ಕ್ಲಾಂಪ್ ಮೇಲೆ. ಎರಡೂ ಕ್ಲಾಂಪುಗಳನ್ನು ಬರಿಗೈಯಲ್ಲಿ ತಿರುಗಿಸಲು ನೋಡಿ. ಕೂದಲೆಳೆಯಷ್ಟು ಅಲುಗಿದರೂ ಅದೇ ಕಳ್ಳ. ಮೊದಲು ಮೈನಸ್, ಆಮೇಲೆ ಪ್ಲಸ್ ಬಿಚ್ಚಿ. ಬಿಳಿ ಅಥವಾ ಹಸಿರು ಪುಡಿಯಿದ್ದರೆ ಅಡುಗೆ ಸೋಡಾ ಕಲಸಿದ ಬಿಸಿನೀರಿನಲ್ಲಿ ತೊಳೆದು ಒಣಗಿಸಿ. ಕಂಬವನ್ನೂ ಕ್ಲಾಂಪಿನ ಒಳಮೈಯನ್ನೂ ಹೊಳೆಯುವಂತೆ ಉಪ್ಪುಕಾಗದದಲ್ಲಿ ಉಜ್ಜಿ, ಪ್ಲಸ್ ಮೊದಲು, ಮೈನಸ್ ಕೊನೆಗೆ ಬಿಗಿದು, ಮೇಲೆ ತೆಳುವಾಗಿ ವ್ಯಾಸ್‌ಲೀನ್ ಸವರಿ. ಕ್ಲಾಂಪಿನ ಬಾಯಿ ಪೂರ್ತಿ ಮುಚ್ಚಿಯೂ ಸಡಿಲವಿದ್ದರೆ ಹೊಸ ಕ್ಲಾಂಪ್ ಹಾಕಿಸಿ. ತಗಡಿನ ಚೂರು ತುರುಕುವ ರೂಢಿಯೇ ಮುಂದಿನ ತೊಂದರೆಗೆ ಬೀಜ.

ಇಷ್ಟೆಲ್ಲ ಸರಿಯಿದ್ದೂ ‘ಟಕ್’ ನಿಲ್ಲದಿದ್ದರೆ ಸೆಲ್ಫ್ ಬಿಚ್ಚಿಸಿ. ಸೊಲೆನಾಯ್ಡಿನ ಒಳಗಿನ ತಾಮ್ರದ ಕಾಂಟ್ಯಾಕ್ಟ್ ಒಂದು ಬದಿ ಸವೆದರೆ ನಾಲ್ಕು ಸಲಕ್ಕೊಮ್ಮೆ ಮಾತ್ರ ಕೂಡುತ್ತದೆ. ಕಾರ್ಬನ್ ಬ್ರಷ್ ಸವೆದರೂ ಹಾಗೆಯೇ. ಬಿಡಿಭಾಗ ಸಿಗುವ ಮಾದರಿಯಾದರೆ ರಿಪೇರಿ ಸಾಕು, ಇಡೀ ಸೆಲ್ಫ್ ಬದಲಿಸಬೇಕಿಲ್ಲ.

ಪ್ರಶ್ನೆ: ‘ಕೀ ಪತ್ತೆಯಾಗಿಲ್ಲ’ ಎಂದು ಡ್ಯಾಶ್‌ಬೋರ್ಡಿನಲ್ಲಿ ಬರುತ್ತದೆ, ಕೀ ಜೇಬಿನಲ್ಲೇ ಇರುತ್ತದೆ! ಬಾಗಿಲು ಮಾತ್ರ ರಿಮೋಟಿನಿಂದ ಸರಿಯಾಗಿ ತೆರೆಯುತ್ತದೆ. ಸೆಲ್ ಬದಲಿಸಿ ಎರಡು ತಿಂಗಳೂ ಆಗಿಲ್ಲ.
— ಹುಬ್ಬಳ್ಳಿಯ ಓದುಗರು

ಉತ್ತರ: ಬಾಗಿಲು ತೆರೆಯುವ ಕೆಲಸಕ್ಕೂ ಸ್ಟಾರ್ಟ್ ಮಾಡುವ ಕೆಲಸಕ್ಕೂ ಬೇರೆ ಬೇರೆ ಅಲೆಗಳು. ಬಟನ್ ಒತ್ತಿದಾಗ ಕಾರಿನೊಳಗಿನ ಆಂಟೆನಾಗಳು ಸುಮಾರು 125 ಕಿಲೊಹರ್ಟ್ಸ್‌ನಲ್ಲಿ ‘ಕೀ ಎಲ್ಲಿದ್ದೀಯ’ ಎಂದು ಕೂಗುತ್ತವೆ. ಕೀ ಅದನ್ನು ಕೇಳಿಸಿಕೊಂಡು, ನಮ್ಮಲ್ಲಿ ಸಾಮಾನ್ಯವಾಗಿ 433 ಮೆಗಾಹರ್ಟ್ಸ್‌ನಲ್ಲಿ, ಉತ್ತರ ಕೊಡುತ್ತದೆ. ರಿಮೋಟ್ ಒತ್ತಿ ಬಾಗಿಲು ತೆರೆಯುವಾಗ ಎರಡನೆಯದು ಮಾತ್ರ ಸಾಕು. ನಿಮ್ಮಲ್ಲಿ ಸೋಲುತ್ತಿರುವುದು ಮೊದಲನೆಯದು. ಅದರ ಅಳವು ಒಂದೆರಡು ಮೀಟರ್ ಅಷ್ಟೇ, ಹತ್ತಿರದ ಎಲೆಕ್ಟ್ರಾನಿಕ್ ಸಾಮಾನಿನ ಗದ್ದಲಕ್ಕೆ ಸುಲಭವಾಗಿ ಮುಳುಗಿಹೋಗುತ್ತದೆ.

ಕೀ ಮತ್ತು ಮೊಬೈಲ್ ಒಂದೇ ಜೇಬಿನಲ್ಲಿವೆಯೇ? ವೈರ್‌ಲೆಸ್ ಚಾರ್ಜರ್ ಮೇಲೋ ಪಕ್ಕದಲ್ಲೋ ಕೀ ಇಡುತ್ತೀರಾ? ಸಿಗರೇಟ್ ಲೈಟರ್ ಸಾಕೆಟ್ಟಿಗೆ ಅಗ್ಗದ ಯುಎಸ್‌ಬಿ ಚಾರ್ಜರ್, ಡ್ಯಾಶ್‌ಕ್ಯಾಮ್ ಸಿಕ್ಕಿಸಿದ್ದೀರಾ? ಒಂದು ವಾರ ಎಲ್ಲವನ್ನೂ ಕಿತ್ತಿಟ್ಟು, ಕೀಯನ್ನು ಗೇರ್ ಪಕ್ಕದ ಲೋಟದ ಗುಳಿಯಲ್ಲಿಟ್ಟು ಓಡಿಸಿ. ತೊಂದರೆ ನಿಂತರೆ ಒಂದೊಂದಾಗಿ ಮತ್ತೆ ಸಿಕ್ಕಿಸಿ, ತಪ್ಪಿತಸ್ಥ ಸಿಗುತ್ತದೆ.

ಎರಡು ತಿಂಗಳ ಸೆಲ್ಲನ್ನೂ ಅನುಮಾನದಿಂದ ಬಿಡಬೇಡಿ. ಹೆಚ್ಚಿನ ಕೀಗಳಲ್ಲಿರುವ ಸಿಆರ್2032 ಸೆಲ್ 3 ವೋಲ್ಟಿನದ್ದು, ಹೊಸದರಲ್ಲಿ 3.2ರ ಹತ್ತಿರ ತೋರಿಸುತ್ತದೆ. 2.9ಕ್ಕಿಂತ ಕೆಳಗಿದ್ದರೆ ತೆಗೆದು ಬಿಸಾಡಿ. ಅಂಗಡಿಯಲ್ಲಿ ವರ್ಷಗಟ್ಟಲೆ ಕುಳಿತ ಸರಕು, ನಕಲಿ ಸರಕು ಎರಡೂ ಸಿಗುತ್ತವೆ. ಒಳಗಿನ ತಗಡಿನ ಕಾಲುಗಳು ಸೆಲ್ಲನ್ನು ಬಿಗಿಯಾಗಿ ಹಿಡಿಯುತ್ತಿವೆಯೇ ನೋಡಿ. ಇನ್ನೊಂದು ಕೀ ಇದ್ದರೆ ಅದನ್ನೇ ಒಂದು ವಾರ ಬಳಸಿ, ಮೊದಲನೆಯದನ್ನು ಮನೆಯಲ್ಲಿ ಬಿಡಿ. ಎರಡೂ ಕೀ ಒಂದೇ ತರಹ ಕೈಕೊಟ್ಟರೆ ದೋಷ ಕಾರಿನ ಆಂಟೆನಾದಲ್ಲಿದೆ. ಕೀಯನ್ನು ಡ್ಯಾಶ್ ಮೇಲೆ, ಸೀಟಿನ ನಡುವೆ, ಹಿಂದಿನ ಸೀಟಿನಲ್ಲಿ ಇಟ್ಟು ಪ್ರಯತ್ನಿಸಿದರೆ ಯಾವ ಭಾಗ ಕಿವುಡಾಗಿದೆ ಎಂದು ಗೊತ್ತಾಗುತ್ತದೆ.

ದಾರಿಯಲ್ಲಿ ಸಿಕ್ಕಿಹಾಕಿಕೊಂಡರೆ ಕೀಯನ್ನೇ ಬಟನ್ನಿಗೆ ತಾಗಿಸಿ ಹಿಡಿದು, ಬ್ರೇಕ್ ಅಥವಾ ಕ್ಲಚ್ ತುಳಿದು ಒತ್ತಿ. ಹೆಚ್ಚಿನ ಕಂಪನಿಗಳ ಕಾರುಗಳಲ್ಲಿ ಇದು ನಡೆಯುತ್ತದೆ, ಕೀಯ ಒಳಗಿನ, ಕಳ್ಳತನ ತಡೆಯುವ ಇಮ್ಮೊಬಿಲೈಸರ್ ಚಿಪ್ಪಿಗೆ ಸೆಲ್ ಬೇಕೇ ಇಲ್ಲ. ಕೆಲವು ಮಾದರಿಗಳಲ್ಲಿ ತಾಗಿಸುವ ಜಾಗ ಬೇರೆ ಇರುತ್ತದೆ, ಕೈಪಿಡಿಯ ಆ ಪುಟದ ಫೋಟೊ ಮೊಬೈಲಿನಲ್ಲಿರಲಿ. ಬಾಗಿಲಿಗೆ ಕೀಯೊಳಗೇ ಅಡಗಿರುವ ಲೋಹದ ಕೀಲಿ ಇದೆ.

ಪ್ರಶ್ನೆ: ವಾರಾಂತ್ಯಕ್ಕೆ ಮಾತ್ರ ಗಾಡಿ ತೆಗೆಯುತ್ತೇವೆ. ನಾಲ್ಕು ದಿನ ನಿಂತರೆ ಬ್ಯಾಟರಿ ಡೌನ್. ಹೊಸ ಬ್ಯಾಟರಿ ಹಾಕಿಸಿದರೂ ಅದೇ ಕಥೆ.
— ಬೆಂಗಳೂರಿನ ಓದುಗರು

ಉತ್ತರ: ನಿಂತ ಗಾಡಿಯಲ್ಲೂ ಲಾಕ್, ಅಲಾರಂ, ಕೀ ಹುಡುಕುವ ರಿಸೀವರ್ ಇವೆಲ್ಲ ಸ್ವಲ್ಪ ಕರೆಂಟ್ ಕುಡಿಯುತ್ತಲೇ ಇರುತ್ತವೆ. 50 ಮಿಲಿಆಂಪ್ ವರೆಗೆ ಸಹಜ. ಅದು ದಿನಕ್ಕೆ 1.2 ಆಂಪ್-ಅವರ್. 45 ಆಂಪ್-ಅವರ್ ಬ್ಯಾಟರಿ ಅರ್ಧ ಖಾಲಿಯಾಗಲು ಎರಡೂವರೆ ವಾರ ಬೇಕು. ನಿಮ್ಮದು ನಾಲ್ಕೇ ದಿನಕ್ಕೆ ಮಲಗುತ್ತಿದೆ. ಅಂದರೆ ಕನಿಷ್ಠ 230 ಮಿಲಿಆಂಪ್ ಸೋರುತ್ತಿದೆ. ಈ ಲೆಕ್ಕ ಮೊದಲೇ ಹಾಕಿಕೊಂಡರೆ ಎಷ್ಟು ದೊಡ್ಡ ಕಳ್ಳನನ್ನು ಹುಡುಕುತ್ತಿದ್ದೇವೆಂದು ತಿಳಿದಿರುತ್ತದೆ. ಪಾರ್ಕಿಂಗ್ ಮೋಡಿನಲ್ಲಿರುವ ಡ್ಯಾಶ್‌ಕ್ಯಾಮ್, ಆರದ ಡಿಕ್ಕಿ ದೀಪ, ಹೊರಗಿನಿಂದ ಹಾಕಿಸಿದ ಆಂಪ್ಲಿಫೈಯರ್ ಈ ಅಳತೆಯ ಕುಳಗಳು.

ಅಳೆಯಲು ಮೀಟರಿನ ಕೆಂಪು ವೈರನ್ನು 10 ಆಂಪ್ ತೂತಿಗೆ ಹಾಕಿ. ಬಾನೆಟ್ ತೆರೆದಿಟ್ಟು ಅದರ ಲ್ಯಾಚನ್ನು ಸ್ಕ್ರೂ ಡ್ರೈವರಿನಿಂದ ಒತ್ತಿ ಮುಚ್ಚಿದ ಸ್ಥಿತಿಗೆ ತನ್ನಿ, ಇಲ್ಲದಿದ್ದರೆ ಕಾರು ನಿದ್ದೆಗೆ ಜಾರುವುದಿಲ್ಲ (ಕೊನೆಗೆ ಲ್ಯಾಚ್ ಬಿಡಿಸದೆ ಬಾನೆಟ್ ಹಾಕಬೇಡಿ). ಬಾಗಿಲು ಲಾಕ್ ಮಾಡಿ ಕೀಯನ್ನು ಮನೆಯೊಳಗೆ ದೂರವಿಡಿ. ಮೈನಸ್ ಕ್ಲಾಂಪ್ ಬಿಚ್ಚುವ ಮೊದಲೇ ಮೀಟರಿನ ಒಂದು ಕಡ್ಡಿಯನ್ನು ಕಂಬಕ್ಕೂ ಇನ್ನೊಂದನ್ನು ಕ್ಲಾಂಪಿಗೂ ಕ್ಲಿಪ್ ಹಾಕಿ, ಆಮೇಲೆ ಕ್ಲಾಂಪ್ ಎತ್ತಿ. ಹೀಗೆ ಮಾಡಿದರೆ ಸಂಪರ್ಕ ತಪ್ಪುವುದಿಲ್ಲ. ಮೊದಲು ಒಂದೆರಡು ಆಂಪ್ ತೋರಿಸುತ್ತದೆ, ಗಾಬರಿ ಬೇಡ. ಎಲ್ಲ ಕಂಪ್ಯೂಟರುಗಳು ಮಲಗಲು 30–40 ನಿಮಿಷ ಬೇಕು. ಮೀಟರ್ ಹಾಗೆ ಕೂತಿರುವಾಗ ಯಾರೂ ಬಾಗಿಲು ತೆರೆಯಬಾರದು. ಬಟನ್ನಂತೂ ಒತ್ತಲೇಬಾರದು, ಮೀಟರಿನ ಫ್ಯೂಸ್ ಹಾರುತ್ತದೆ.

40 ನಿಮಿಷದ ಮೇಲೂ 200 ಮಿಲಿಆಂಪಿಗಿಂತ ಹೆಚ್ಚಿದ್ದರೆ ಫ್ಯೂಸ್ ಒಂದೊಂದಾಗಿ ಕೀಳುವ ಹಳೇ ವಿಧಾನಕ್ಕೆ ಹೋಗಬೇಡಿ. ಕಿತ್ತು ಹಾಕಿದಾಗೆಲ್ಲ ಯಾವುದೋ ಕಂಪ್ಯೂಟರ್ ಎಚ್ಚೆತ್ತು ಅಂಕಿ ಕುಣಿಯುತ್ತದೆ. ಮೀಟರನ್ನು ಮಿಲಿವೋಲ್ಟಿಗೆ ತಂದು (ಕೆಂಪು ವೈರನ್ನು ವೋಲ್ಟ್ ತೂತಿಗೆ ಬದಲಿಸುವುದು ಮರೆಯಬೇಡಿ, ಮೊದಲು ಕ್ಲಾಂಪ್ ಕಂಬಕ್ಕೆ ಕೂರಿಸಿ, ಆಮೇಲೆ ಕ್ಲಿಪ್ ತೆಗೆಯಿರಿ) ಪ್ರತಿ ಫ್ಯೂಸಿನ ತಲೆಯ ಮೇಲಿರುವ ಎರಡು ಲೋಹದ ಚುಕ್ಕೆಗಳ ನಡುವೆ ಅಳೆಯಿರಿ. ಸೊನ್ನೆ ಬಂದರೆ ಅಲ್ಲಿ ಕರೆಂಟ್ ಹರಿಯುತ್ತಿಲ್ಲ. ಎದ್ದು ಕಾಣುವ ಅಂಕಿ ಬಂದ ಫ್ಯೂಸಿನ ಬೆನ್ನು ಹತ್ತಿ.

ಕೀಯನ್ನು ಗಾಡಿಯ ಪಕ್ಕದ ಗೋಡೆಯ ಮೊಳೆಗೇ ನೇತುಹಾಕುವವರಿದ್ದಾರೆ. ಕೆಲವು ಕಾರುಗಳು ಇದರಿಂದ ರಾತ್ರಿಯಿಡೀ ಎಚ್ಚರವಾಗಿದ್ದು ತಮ್ಮ ಬ್ಯಾಟರಿಯನ್ನೂ ಕೀಯ ಸೆಲ್ಲನ್ನೂ ಕುಡಿಯುತ್ತವೆ.

ಪ್ರಶ್ನೆ: ಮಳೆ ಶುರುವಾದ ಮೇಲೆ ಓಡುವಾಗಲೇ ಎಬಿಎಸ್, ಸ್ಟಿಯರಿಂಗ್, ಏರ್‌ಬ್ಯಾಗ್ ದೀಪಗಳು ಒಟ್ಟಿಗೆ ಹತ್ತಿ ಆರುತ್ತವೆ. ಸ್ಕ್ಯಾನರ್ ಹತ್ತಾರು ಕೋಡ್ ತೋರಿಸುತ್ತದೆ, ಎರಡು ಮಾಡ್ಯೂಲ್ (ಒಂದೊಂದು ವ್ಯವಸ್ಥೆಯ ಕಂಪ್ಯೂಟರ್) ಬದಲಿಸಬೇಕಂತೆ.
— ಕುಂದಾಪುರದ ಓದುಗರು

ಉತ್ತರ: ಸಂಬಂಧವಿಲ್ಲದ ಮೂರು ವ್ಯವಸ್ಥೆಗಳು ಒಂದೇ ಗಳಿಗೆಯಲ್ಲಿ ಕೆಡುವುದು ಅಪರೂಪ. ಮೂರಕ್ಕೂ ಸಮಾನವಾದದ್ದು ಕರೆಂಟ್, ಅರ್ಥ್ (ಕರೆಂಟ್ ಬ್ಯಾಟರಿಗೆ ಮರಳುವ ದಾರಿ) ಮತ್ತು ಕಂಪ್ಯೂಟರುಗಳು ಪರಸ್ಪರ ಮಾತಾಡುವ ತಂತಿ. ಪಟ್ಟಿಯಲ್ಲಿ ‘ಯು’ ಅಕ್ಷರದಿಂದ ಶುರುವಾಗುವ ಯು0100 ತರಹದವು ಸಂಪರ್ಕ ತಪ್ಪಿದೆ ಎನ್ನುವ ಕೋಡುಗಳು. ಜೊತೆಗೆ ಪಿ0562 ಇದ್ದರೆ ವೋಲ್ಟೇಜ್ ಕುಸಿದಿತ್ತು ಎಂದು ಕಾರೇ ಹೇಳುತ್ತಿದೆ. ಪಟ್ಟಿಯ ಫೋಟೊ ತೆಗೆದು, ಎಲ್ಲ ಅಳಿಸಿ, ಒಂದು ದಿನ ಓಡಿಸಿ. ಮೊದಲು ಮರಳಿ ಬಂದ ಕೋಡಿಗೆ ಬೆಲೆ ಕೊಡಿ.

ಕಡಲ ಗಾಳಿಯಲ್ಲಿ ಅರ್ಥ್ ಬೋಲ್ಟುಗಳೇ ಮೊದಲ ಬಲಿ. ಬ್ಯಾಟರಿಯಿಂದ ಕಾರಿನ ಬಾಡಿಯ ಲೋಹಕ್ಕೆ, ಇಂಜಿನ್ನಿನಿಂದ ಅದೇ ಲೋಹಕ್ಕೆ ಹೋಗುವ ಹೆಣೆದ ಪಟ್ಟಿಗಳನ್ನು ಬಿಚ್ಚಿ, ತುಕ್ಕು ಉಜ್ಜಿ, ಮತ್ತೆ ಬಿಗಿಸಿ. ಹೊರಗಿನಿಂದ ಚೆನ್ನಾಗಿ ಕಂಡರೂ ಬೋಲ್ಟಿನ ಅಡಿಯಲ್ಲಿ ಹಸಿರು ಪುಡಿ ಕೂತಿರುತ್ತದೆ. ಆಮೇಲೆ ಮುಂದಿನ ಕಾರ್ಪೆಟ್ ಎತ್ತಿ ಕೆಳಗಿನ ಸ್ಪಂಜ್ ಒತ್ತಿ ನೋಡಿ. ಒದ್ದೆಯಿದ್ದರೆ ಮುಂಗಾಜಿನ ಕೆಳಗಿನ ನೀರು ಹೋಗುವ ತೂತು ಎಲೆ ಕಸದಿಂದ ಕಟ್ಟಿಕೊಂಡಿರುವ ಸಂಭವ ಹೆಚ್ಚು. ಆ ನೀರು ಡ್ಯಾಶ್ ಕೆಳಗಿನ ಫ್ಯೂಸ್ ಬಾಕ್ಸಿಗೂ ಸಾಕೆಟ್ಟುಗಳಿಗೂ ಇಳಿಯುತ್ತದೆ.

ಇಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.8ರಿಂದ 14.5 ವೋಲ್ಟ್ ಇರಬೇಕು. ಮೈನಸ್ ಕ್ಲಾಂಪಿನ ಮೇಲೆ ಸಣ್ಣ ಸೆನ್ಸರ್ ಇರುವ ಹೊಸ ಕಾರುಗಳಲ್ಲಿ ಇದು ಬೇಕೆಂದೇ ಏರಿಳಿಯುತ್ತದೆ, ಅಂಥ ಕಡೆ ಹೆಡ್‌ಲೈಟ್ ಹಾಕಿ ಅಳೆಯಿರಿ. ಅದೇ ಜಾಗದಲ್ಲಿ ಮೀಟರನ್ನು ಎಸಿ ವೋಲ್ಟಿಗೆ ತಂದರೆ 0.5ಕ್ಕಿಂತ ಹೆಚ್ಚು ಬರಬಾರದು. ಬಂದರೆ ಆಲ್ಟರ್ನೇಟರಿನ ಡಯೋಡ್ ಹೋಗಿದೆ. ಕೊನೆಯ ಪರೀಕ್ಷೆ ಮಾತಾಡುವ ತಂತಿಯದ್ದು: ಬ್ಯಾಟರಿ ಬಿಚ್ಚಿಟ್ಟು ಒಬಿಡಿ ಸಾಕೆಟ್ಟಿನ (ಸ್ಕ್ಯಾನರ್ ಸಿಕ್ಕಿಸುವ ಜಾಗ) 6 ಮತ್ತು 14ನೇ ಪಿನ್ ನಡುವೆ ಸುಮಾರು 60 ಓಮ್ ಬರಬೇಕು. 120 ಬಂದರೆ ಎಲ್ಲೋ ಒಂದು ಕಡೆ ತಂತಿ ಕಡಿದಿದೆ. ಇಷ್ಟು ಆಗುವ ತನಕ ಮಾಡ್ಯೂಲಿಗೆ ಆರ್ಡರ್ ಕೊಡಬೇಡಿ.

ಪ್ರಶ್ನೆ: ಆಟೋಮ್ಯಾಟಿಕ್ ಕಾರು. ಬ್ರೇಕ್ ಒತ್ತಿ ಬಟನ್ ಒತ್ತಿದರೆ ದೀಪ ಮಾತ್ರ, ‘ಟಕ್’ ಕೂಡ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ ಸರಿ.
— ದಾವಣಗೆರೆಯ ಓದುಗರು

ಉತ್ತರ: ಗೋಡೆಗೆ ಹಿಂಬದಿ ಮಾಡಿ ನಿಲ್ಲಿಸಿ ಬ್ರೇಕ್ ತುಳಿಯಿರಿ, ಗೋಡೆ ಮೇಲೆ ಕೆಂಪು ಬೆಳಕು ಬೀಳುತ್ತದೆಯೇ? ತೊಂದರೆಯಾದಾಗ ಬ್ರೇಕ್ ದೀಪವೂ ಹತ್ತದಿದ್ದರೆ ಪೆಡಲ್ ಮೇಲಿನ ಸ್ವಿಚ್ ಅಥವಾ ಅದರ ಫ್ಯೂಸ್. ದೀಪ ಹತ್ತಿದರೂ ಸ್ವಿಚ್ಚಿನೊಳಗಿನ ಎರಡನೇ ಕಾಂಟ್ಯಾಕ್ಟ್ ತಪ್ಪುತ್ತಿರಬಹುದು, ಆಗ ಪಿ0504 ಕೋಡ್ ಬರುತ್ತದೆ. ಬಟನ್ ಒತ್ತಿದಾಗ ಗೇರ್ ಪಿಯಲ್ಲಿ (ಪಾರ್ಕ್) ಇದ್ದರೆ ನಿರಾಕರಿಸಿ, ಎನ್‌ನಲ್ಲಿ (ನ್ಯೂಟ್ರಲ್) ಸ್ಟಾರ್ಟ್ ಆದರೆ ಗೇರಿನ ಸ್ವಿಚ್ ನೋಡಿಸಿ. ಸ್ಟಿಯರಿಂಗ್ ಲಾಕ್ ಬಿಗಿದುಕೊಂಡಿದ್ದರೆ ಚಕ್ರವನ್ನು ಎಡಬಲ ಅಲುಗಿಸುತ್ತಾ ಒತ್ತಿ. ತುರ್ತಿಗೆ ಹ್ಯುಂಡೈ, ಕಿಯಾ ಕೈಪಿಡಿಗಳು ಹೇಳುವ ದಾರಿ: ಬಟನ್ ಎಸಿಸಿ ಸ್ಥಿತಿಯಲ್ಲಿದ್ದಾಗ (ಇಂಜಿನ್ ಇಲ್ಲದೆ ರೇಡಿಯೊದಂಥವು ಮಾತ್ರ ನಡೆಯುವ ಸ್ಥಿತಿ) 10 ಸೆಕೆಂಡ್ ಒತ್ತಿ ಹಿಡಿಯುವುದು. ಟೊಯೋಟದಲ್ಲಿ ಬ್ರೇಕ್ ತುಳಿದು ಸುಮಾರು 15 ಸೆಕೆಂಡ್. ಬ್ರೇಕ್ ದೀಪವಿಲ್ಲದ ಗಾಡಿಯನ್ನು ಗ್ಯಾರೇಜಿನ ಆಚೆ ಓಡಿಸಬೇಡಿ.

ಪ್ರಶ್ನೆ: ಚಾರ್ಜಿಂಗ್ ಪರೀಕ್ಷಿಸಲು ಇಂಜಿನ್ ಓಡುತ್ತಿರುವಾಗಲೇ ಬ್ಯಾಟರಿ ವೈರ್ ತೆಗೆದು ನೋಡುತ್ತಾರೆ ನಮ್ಮ ಮೆಕ್ಯಾನಿಕ್. ಸರಿಯೇ?
— ಹಾಸನದ ಓದುಗರು

ಉತ್ತರ: ತಕ್ಷಣ ನಿಲ್ಲಿಸಿ. ಅಂಬಾಸಿಡರ್ ಕಾಲದ ಡೈನಮೋಗೆ ನಡೆದದ್ದು ಇಂದಿನ ಗಾಡಿಗೆ ನಡೆಯದು. ಬ್ಯಾಟರಿ ತಪ್ಪಿದ ಕ್ಷಣ ಆಲ್ಟರ್ನೇಟರಿನ ವೋಲ್ಟೇಜ್ ಚಿಮ್ಮಿ ಕಂಪ್ಯೂಟರುಗಳನ್ನು ಸುಡಬಹುದು. ಮೀಟರಿನಲ್ಲಿ ನೋಡಲು ಅರ್ಧ ನಿಮಿಷ ಸಾಕು.

ಪ್ರಶ್ನೆ: ತೋಟದ ಶೆಡ್ಡಿನಲ್ಲಿ ನಿಲ್ಲಿಸುತ್ತೇವೆ. ಇಲಿ ವೈರ್ ಕಡಿದು ಎರಡು ಸಲ ರಿಪೇರಿ ಆಯಿತು, ಈಗಲೂ ಒಮ್ಮೊಮ್ಮೆ ಸ್ಟಾರ್ಟ್ ಆಗುವುದಿಲ್ಲ.
— ಶಿರಸಿಯ ಓದುಗರು

ಉತ್ತರ: ಆ ರಿಪೇರಿಯನ್ನೇ ಬಿಚ್ಚಿಸಿ ನೋಡಿ. ಕೈಯಲ್ಲಿ ತಿರುಚಿ ಟೇಪ್ ಸುತ್ತಿದ ಜೋಡಣೆ ಮಲೆನಾಡಿನ ತೇವಕ್ಕೆ ಒಂದೇ ಮಳೆಗಾಲದಲ್ಲಿ ಕಪ್ಪಾಗುತ್ತದೆ. ಬೆಸುಗೆ ಹಾಕಿ ಅಥವಾ ಸರಿಯಾದ ಕ್ರಿಂಪ್ ಹಾಕಿ, ಒಳಗೆ ಗೋಂದಿರುವ ಹೀಟ್ ಶ್ರಿಂಕ್ ಕೊಳವೆ ಏರಿಸಬೇಕು. ಕಡಿತ ಪೂರ್ತಿ ಆಗದೆ ಎರಡು ಎಳೆ ಉಳಿದ ವೈರ್ ಮೀಟರಿನಲ್ಲಿ ಸರಿಯೆಂದು ತೋರಿಸಿ ಲೋಡಿಗೆ ಕೈಕೊಡುತ್ತದೆ. ಅಂಥದನ್ನು 21 ವ್ಯಾಟ್ ಬಲ್ಬ್ ಹಚ್ಚಿಯೇ ಪರೀಕ್ಷಿಸಬೇಕು. ಏರ್‌ಬ್ಯಾಗಿನ ಹಳದಿ ವೈರಿಗೆ ಮಾತ್ರ ಬಲ್ಬನ್ನಾಗಲಿ ಮೀಟರನ್ನಾಗಲಿ ತಾಗಿಸಬೇಡಿ.

ಪ್ರಶ್ನೆ: ಓಡುವಾಗ ಮಗು ಬಟನ್ ಒತ್ತಿಬಿಟ್ಟರೆ ಇಂಜಿನ್ ನಿಲ್ಲುತ್ತದೆಯೇ?
— ತುಮಕೂರಿನ ಓದುಗರು

ಉತ್ತರ: ಸಾಮಾನ್ಯವಾಗಿ ಒಂದು ಸಲ ತಾಗಿದರೆ ನಿಲ್ಲುವುದಿಲ್ಲ. ಎರಡು ಮೂರು ಸೆಕೆಂಡ್ ಒತ್ತಿ ಹಿಡಿದರೆ, ಇಲ್ಲವೇ ಬೆನ್ನು ಬೆನ್ನಿಗೆ ಮೂರು ಸಲ ಒತ್ತಿದರೆ ನಿಲ್ಲುತ್ತದೆ. ಎಕ್ಸಿಲರೇಟರ್ ಸಿಕ್ಕಿಕೊಂಡಂಥ ತುರ್ತಿಗೆಂದೇ ಈ ಏರ್ಪಾಡು. ಹಾಗೆ ನಿಂತಾಗ ಸ್ಟಿಯರಿಂಗ್ ಭಾರವಾಗುತ್ತದೆ, ಬ್ರೇಕಿನ ಬೂಸ್ಟರಿನಲ್ಲಿ ಒಂದೆರಡು ಸಲ ತುಳಿಯುವಷ್ಟು ಮಾತ್ರ ನೆರವು ಉಳಿದಿರುತ್ತದೆ. ಬ್ರೇಕನ್ನು ತುಳಿದು ಬಿಟ್ಟು ಮಾಡದೆ ಒಂದೇ ಸಮ ಒತ್ತಿ ಹಿಡಿದು ಗಾಡಿಯನ್ನು ಪಕ್ಕಕ್ಕೆ ತನ್ನಿ.